ಗಾರ್ಡನ್ ರೈಲ್ವೆಗೆ ಡಾರ್ಜಿಲಿಂಗ್ ಉಗಿ ಎಂಜಿನ್: ಕೈಯಾರೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಮ್ರದ ಕೊಳವೆ, ಉಕ್ಕಿನ ತಗಡು, ಕಂಚಿನ ತುಂಡುಗಳಿಂದ ಶುರು ಮಾಡಿ, ಗಾರ್ಡನ್ ರೈಲ್ವೆಯಲ್ಲಿ, ಅಂದರೆ ಮನೆಯ ತೋಟದಲ್ಲಿ ಹಾಸಿದ ಪುಟ್ಟ ಹಳಿಯ ಮೇಲೆ, ನಿಜವಾದ ಹಬೆಯಲ್ಲೇ ಓಡುವ ನ್ಯಾರೋ ಗೇಜ್ (ಕಿರಿದಾದ ಹಳಿಯ) ಎಂಜಿನ್ ಮಾದರಿ ಕಟ್ಟಬೇಕು ಅನ್ನುವವರಿಗಾಗಿ ಈ ಪುಟ. ಉದಾಹರಣೆಗೆ ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಯ ಬಿ ಕ್ಲಾಸ್ ಎಂಜಿನ್ ಇಟ್ಟುಕೊಂಡಿದ್ದೇನೆ. ಬೇರೆ ಯಾವ ಸಣ್ಣ ಎಂಜಿನ್ ಕಟ್ಟಿದರೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಬಿ ಕ್ಲಾಸನ್ನೇ ಯಾಕೆ ಆರಿಸಿಕೊಳ್ಳಬೇಕು?

ಚಿಕ್ಕದು, ನಾಲ್ಕೇ ಚಕ್ರ, ಹಿಂದೆ ನೀರು, ಕಲ್ಲಿದ್ದಲು ಹೊರುವ ಬೇರೆ ಗಾಡಿ (ಟೆಂಡರ್) ಇಲ್ಲ. ಹಾಗಿದ್ದೂ ನೋಡಲು ತುಂಬಾ ಇದೆ. ಬಾಯ್ಲರ್ ಮೇಲೆ ಜೀನಿನಂತೆ ಕೂತ ನೀರಿನ ಟ್ಯಾಂಕ್, ಕ್ಯಾಬಿನ ಮುಂದೆಯೇ ಬಾಯ್ಲರ್ ಮೇಲೆ ಕಲ್ಲಿದ್ದಲ ಪೆಟ್ಟಿಗೆ, ಮುಂದಿನ ಬಫರ್ ಹಲಗೆ ಮೇಲೆ ಕೂತು ಹಳಿಗೆ ಮರಳು ಹಾಕುವ ಇಬ್ಬರಿಗೆ ಜಾಗ. ಗ್ಲಾಸ್ಗೋದ ಶಾರ್ಪ್ ಸ್ಟೀವರ್ಟ್ ಕಂಪನಿ 1889ರಲ್ಲಿ ಮೊದಲ ಎಂಜಿನ್‌ಗಳನ್ನು ಕಟ್ಟಿತು. 1925ರವರೆಗೆ ಒಟ್ಟು 34 ತಯಾರಾದವು. ಕೆಲವನ್ನು ನಾರ್ತ್ ಬ್ರಿಟಿಷ್ ಕಂಪನಿ, ಮೂರನ್ನು ಅಮೆರಿಕದ ಬಾಲ್ಡ್‌ವಿನ್ ಮತ್ತು ಕೆಲವನ್ನು ಆ ರೈಲ್ವೆಯದೇ ಆದ ತಿಂಧಾರಿಯಾ ವರ್ಕ್‌ಶಾಪ್ ಕಟ್ಟಿದವು. 1999ರಲ್ಲಿ ಯುನೆಸ್ಕೊ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನೊಂದು ಕಾರಣ, ಇದು ಕಣ್ಣಾರೆ ನೋಡಲು ಸಿಗುವ ಎಂಜಿನ್. ಡಾರ್ಜಿಲಿಂಗ್–ಘೂಮ್ ನಡುವಿನ ಜಾಯ್ ರೈಡ್‌ನಲ್ಲಿ ಓಡುವುದನ್ನು ನೋಡಬಹುದು. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ 777 ನಂಬರಿನದು ನಿಂತಿದೆ. ಅಳತೆ ಟೇಪು, ಕ್ಯಾಮೆರಾ ಹಿಡಿದು ಹೋಗಿ. ಕ್ಯಾಬಿನ ಒಳಭಾಗ, ಹಿಂಬದಿ ಮತ್ತು ಚಕ್ರದ ಹಿಂದಿನ ಜಾಗದ ಫೋಟೊಗಳನ್ನು ಜಾಸ್ತಿ ತೆಗೆಯಿರಿ. ಮುಂದಿನ ಭಾಗದ ಫೋಟೊ ಎಲ್ಲೆಡೆ ಸಿಗುತ್ತದೆ, ಇವು ಸಿಗುವುದಿಲ್ಲ.

ಯಾವ ಸ್ಕೇಲ್, ಯಾವ ಗೇಜ್?

ಡಾರ್ಜಿಲಿಂಗ್ ಹಳಿ ಎರಡು ಅಡಿ ಅಗಲ, ಅಂದರೆ 610 ಮಿ.ಮೀ. ಒಂದು ಅಡಿಗೆ 16 ಮಿ.ಮೀ ಲೆಕ್ಕ ಹಿಡಿದರೆ ಸ್ಕೇಲ್ 1:19 ಆಗುತ್ತದೆ, ಹಳಿ ಸರಿಯಾಗಿ 32 ಮಿ.ಮೀ ಬರುತ್ತದೆ. ಬ್ರಿಟನ್ನಿನ ಗಾರ್ಡನ್ ರೈಲ್ವೆಗಳಲ್ಲಿ ಬಹಳ ಬಳಕೆಯಲ್ಲಿರುವ ಅಳತೆ ಇದು. ಹಳಿ, ಚಕ್ರ, ಕೊಂಡಿ ಬೇಕೆಂದಾಗ ಕೊಳ್ಳಲು ಸಿಗುತ್ತವೆ.

45 ಮಿ.ಮೀ ಹಳಿ ಈಗಾಗಲೇ ನಿಮ್ಮಲ್ಲಿದ್ದರೆ ಎರಡಡಿಯ ಎಂಜಿನ್ನನ್ನು 1:13.7ರಲ್ಲಿ ಕಟ್ಟಬಹುದು. ಎಂಜಿನ್ ದೊಡ್ಡದಾಗುತ್ತದೆ, ಕೆಲಸ ಮಾಡಲು ಕೈಗೆ ಜಾಗ ಸಿಗುತ್ತದೆ. ಆದರೆ ತಾಮ್ರ ಮತ್ತು ಬೆಳ್ಳಿ ಬೆಸುಗೆಯ ಖರ್ಚೂ ಏರುತ್ತದೆ.

ನಮ್ಮ ಬೆಂಗಳೂರು–ಚಿಕ್ಕಬಳ್ಳಾಪುರ–ಕೋಲಾರ ನ್ಯಾರೋ ಗೇಜ್ ರೈಲನ್ನು ಇದೇ ಹಳಿಯ ಮೇಲೆ ಓಡಿಸಬಹುದಾ?

ಆ ದಾರಿ ಎರಡೂವರೆ ಅಡಿಯದಾಗಿತ್ತು, 762 ಮಿ.ಮೀ. 1:19ರಲ್ಲಿ ಅದಕ್ಕೆ 40 ಮಿ.ಮೀ ಹಳಿ ಬೇಕು. 32ರ ಮೇಲೆ ಕೂರಿಸಿದರೆ ಎಂಜಿನ್ ಕಾಲು ಜೋಡಿಸಿ ನಿಂತ ಹಾಗೆ ಕಾಣುತ್ತದೆ. ಹಳಿಯನ್ನೂ ನೀವೇ ಮಾಡಲು ತಯಾರಿದ್ದರೆ 40ರಲ್ಲೇ ಮಾಡಿ. ಆ ದಾರಿ ನೆನಪಿರುವವರು ಇನ್ನೂ ಇದ್ದಾರೆ, ಅವರಿಗೆ ಅದು ದೊಡ್ಡ ಖುಷಿ. ಮೊದಲ ಎಂಜಿನ್ನಾಗಿ ಮಾತ್ರ ಬೇಡ.

ಅಸಲಿ ಅಳತೆಗಳು ಮಾದರಿಯಲ್ಲಿ ಎಷ್ಟಾಗುತ್ತವೆ?

ಅಸಲಿ ಚಕ್ರ 26 ಇಂಚು, ಮಾದರಿಯಲ್ಲಿ 34.7 ಮಿ.ಮೀ. ಸಿಲಿಂಡರ್ 11 ಇಂಚು ವ್ಯಾಸ, 14 ಇಂಚು ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ). ಅದು 14.7 ಮತ್ತು 18.7 ಮಿ.ಮೀ ಆಗುತ್ತದೆ. ಇಲ್ಲೇ ನಮಗೆ ಅದೃಷ್ಟ ಇದೆ. ಈ ಗಾತ್ರದ ಮಾದರಿಗೆ ಹಬೆಯ ಲೆಕ್ಕದಲ್ಲಿ ಬೇಕಾಗುವುದೂ ಸುಮಾರು 14 ಮಿ.ಮೀ ಸಿಲಿಂಡರೇ. ನೋಟಕ್ಕೂ ಕೆಲಸಕ್ಕೂ ಒಂದೇ ಅಳತೆ ಸಾಕು. ಅಸಲಿ ಬಾಯ್ಲರ್ ಒತ್ತಡ 140 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಅದನ್ನು ಅನುಕರಿಸಬೇಡಿ, ನಮಗೆ 40 ಪಿಎಸ್‌ಐ ಧಾರಾಳ.

ಎಂಜಿನ್ ಚೆನ್ನಾಗಿ ಬಂದಿದೆ ಅಂತ ಯಾವಾಗ ಹೇಳಬಹುದು?

ನಿಧಾನವಾಗಿ ಓಡಿದಾಗ. ನನ್ನ ಮಟ್ಟಿಗೆ ಈ ಕೆಲಸದ ಅಳತೆಗೋಲು ಇದೊಂದೇ.

ನ್ಯೂ ಜಲಪಾಯಿಗುರಿಯಿಂದ ಡಾರ್ಜಿಲಿಂಗ್‌ಗೆ ಸುಮಾರು 88 ಕಿ.ಮೀ. ಆ ದಾರಿಗೆ ಏಳು ತಾಸಿಗೂ ಮೇಲೆ ಹಿಡಿಯುತ್ತದೆ. ಅಂದರೆ ಗಂಟೆಗೆ ಸುಮಾರು 12 ಕಿ.ಮೀ. ನಮ್ಮ ಸ್ಕೇಲ್‌ನಲ್ಲಿ ಅದು ಸೆಕೆಂಡಿಗೆ 17–18 ಸೆಂ.ಮೀ. ಒಂದು ಮೀಟರ್ ದಾಟಲು ಸುಮಾರು ಆರು ಸೆಕೆಂಡ್. ಚಕ್ರ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಕೊಂಚ ಜಾಸ್ತಿ ತಿರುಗುತ್ತದೆ, ಪ್ರತಿ 'ಛುಕ್' ಬೇರೆ ಬೇರೆಯಾಗಿ ಕೇಳುತ್ತದೆ.

ಜೋರಾಗಿ ಓಡುವುದು ಸುಲಭ. ಬಿಗಿ ಇರುವ ಎಂಜಿನ್ ಕೂಡ ಪೂರ್ತಿ ಹಬೆ ಕೊಟ್ಟರೆ ಓಡಿಬಿಡುತ್ತದೆ. ನಿಧಾನಕ್ಕೆ ಓಡಬೇಕಾದರೆ ಒಂದು ಸುತ್ತಿನಲ್ಲಿ ಎಲ್ಲೂ ಬಿಗಿ ಇರಬಾರದು, ಸಿಲಿಂಡರ್‌ಗೆ ಹಬೆ ಬಿಡುವ ವಾಲ್ವ್ ಸರಿಯಾದ ಹೊತ್ತಿಗೆ ತೆರೆಯಬೇಕು, ಪಿಸ್ಟನ್ ಸೋರಬಾರದು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಈ ನಿಧಾನವನ್ನು ಗಳಿಸುವ ಬಗ್ಗೆಯೇ ಇವೆ.

ಯಾವ ಮಷಿನ್‌ಗಳು ಬೇಕು? ಲೇತ್ ಇಲ್ಲದೆ ಆಗುತ್ತದಾ?

ಚಿಕ್ಕದೊಂದು ಲೇತ್, ಸ್ಟ್ಯಾಂಡ್ ಇರುವ ಡ್ರಿಲ್, ಗಟ್ಟಿಯಾದ ವೈಸ್, ಒಳ್ಳೆಯ ಅರಗಳು, ಹ್ಯಾಕ್ಸಾ, ಡಿಜಿಟಲ್ ವರ್ನಿಯರ್. ಬಾಯ್ಲರ್‌ಗೆ ದೊಡ್ಡ ಬರ್ನರಿನ ಟಾರ್ಚ್. ಮಿಲ್ಲಿಂಗ್ ಮಷಿನ್ ಇದ್ದರೆ ಆರಾಮ, ಇಲ್ಲದಿದ್ದರೆ ಲೇತ್ ಮೇಲೆ ಕೂರಿಸುವ ವರ್ಟಿಕಲ್ ಸ್ಲೈಡ್‌ನಲ್ಲೇ ಪೋರ್ಟ್ (ಸಿಲಿಂಡರ್‌ಗೆ ಹಬೆ ಹೋಗಿಬರುವ ಕಿಂಡಿ) ಕೊರೆಯಬಹುದು.

ಲೇತ್ ಇಲ್ಲದವರು ಚಕ್ರ ಮತ್ತು ಸಿಲಿಂಡರ್‌ಗಳನ್ನು ಮಾತ್ರ ಹೊರಗೆ ಮಾಡಿಸಿಕೊಳ್ಳಬಹುದು. ಬೆಂಗಳೂರಿನ ಪೀಣ್ಯದಂತಹ ಕಡೆ ಜಾಬ್ ವರ್ಕ್ ಮಾಡುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. ಒಂದೋ ಎರಡೋ ಪೀಸ್‌ಗೆ ಅವರು ಸುಲಭವಾಗಿ ಒಪ್ಪುವುದಿಲ್ಲ. ಅಳತೆ ಹಾಕಿದ ಡ್ರಾಯಿಂಗ್ ಹಿಡಿದು, ಬಿಡುವಿನ ಹೊತ್ತಲ್ಲಿ ಹೋಗಿ, ಏನು ಕಟ್ಟುತ್ತಿದ್ದೀರಿ ಅಂತ ತೋರಿಸಿ. ರೈಲು ಎಂಜಿನ್ ಅಂದ ಕೂಡಲೇ ಟರ್ನರ್‌ಗಳ ಮುಖ ಅರಳುತ್ತದೆ. ಫ್ರೇಮನ್ನು ಲೇಸರ್‌ನಲ್ಲಿ ಕತ್ತರಿಸಿ ಕೊಡುವವರೂ ಅಲ್ಲೇ ಸಿಗುತ್ತಾರೆ.

ಕೆಲವು ಭಾಗ ಕೊಂಡರೆ ಅದು ಸ್ವಂತ ಕಟ್ಟಿದ್ದು ಅನ್ನಿಸಿಕೊಳ್ಳುತ್ತದಾ?

ಅನ್ನಿಸಿಕೊಳ್ಳುತ್ತದೆ. ಸೇಫ್ಟಿ ವಾಲ್ವ್, ಪ್ರೆಶರ್ ಗೇಜ್, ನೀರು ಕಾಯಿಸುವ ಬರ್ನರ್‌ನ ಗ್ಯಾಸ್ ಜೆಟ್ ಈ ಮೂರನ್ನು ಕೊಳ್ಳಿ ಅಂತ ನಾನೇ ಹೇಳುತ್ತೇನೆ. ಜೆಟ್‌ನ ತೂತು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಅದನ್ನು ಮನೆಯಲ್ಲಿ ಕೊರೆಯುತ್ತಾ ಕೂರುವ ಬದಲು ಆ ಹೊತ್ತನ್ನು ವಾಲ್ವ್ ಕೂರಿಸಲು ಕೊಡಿ.

ಎಲ್ಲಿಂದ ಶುರು ಮಾಡಬೇಕು? ಬಾಯ್ಲರ್‌ನಿಂದಲಾ, ಬಾಡಿಯಿಂದಲಾ?

ಎರಡರಿಂದಲೂ ಅಲ್ಲ. ಮೊದಲು ಹಳಿಯ ಒಂದು ತುಂಡು ಮೇಜಿನ ಮೇಲಿರಲಿ. ಅದರ ಮೇಲೆ ಉರುಳುವ ಚಾಸಿ, ಅಂದರೆ ಫ್ರೇಮ್, ಚಕ್ರ, ರಾಡ್‌ಗಳ ಜೋಡಣೆ ಮಾಡಿ. ಆಮೇಲೆ ಸಿಲಿಂಡರ್ ಕೂರಿಸಿ ಗಾಳಿಯಲ್ಲಿ ಓಡಿಸಿ. ಅದು ನಿಧಾನಕ್ಕೆ ಓಡಿದ ಮೇಲಷ್ಟೇ ಬಾಯ್ಲರ್. ಬಾಡಿ ಕೊನೆಗೆ.

ಕ್ಯಾಬ್, ಚಿಮಣಿ ಮೊದಲು ಮಾಡಿ ಶೋಕೇಸಿನಲ್ಲಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಚಾಸಿ ಓಡದಿದ್ದರೆ ಮೇಲಿನದೆಲ್ಲಾ ಬರೀ ತಗಡು.

ಫ್ರೇಮ್ ಮತ್ತು ರಾಡ್‌ಗಳನ್ನು ತಪ್ಪಿಲ್ಲದೆ ಮಾಡುವುದು ಹೇಗೆ?

ಎರಡು ಫ್ರೇಮ್ ಪ್ಲೇಟ್‌ಗಳನ್ನು, ಅಂದರೆ 2.5 ಅಥವಾ 3 ಮಿ.ಮೀ ಮೈಲ್ಡ್ ಸ್ಟೀಲ್ ತಗಡುಗಳನ್ನು, ಒಂದರ ಮೇಲೊಂದಿಟ್ಟು ಬೋಲ್ಟ್ ಹಾಕಿ. ತೂತು ಕೊರೆಯುವುದು, ಅರ ಹಾಕುವುದು ಎಲ್ಲಾ ಜೊತೆಯಲ್ಲೇ ನಡೆಯಲಿ. ಆಕ್ಸಲ್ ತೂತು ಎರಡರಲ್ಲೂ ಒಂದೇ ಜಾಗದಲ್ಲಿ ಬಿತ್ತು ಅಂದರೆ ಅರ್ಧ ಕೆಲಸ ಮುಗಿಯಿತು.

ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಕಪ್ಲಿಂಗ್ ರಾಡ್‌ಗೂ ಅದೇ ದಾರಿ. ಡ್ರಾಯಿಂಗ್‌ನಲ್ಲಿ ಬರೆದ ಅಂತರ ಮುಖ್ಯವಲ್ಲ. ನಿಮ್ಮ ಫ್ರೇಮ್‌ನಲ್ಲಿ ನಿಜವಾಗಿ ಬಿದ್ದಿರುವ ಅಂತರ ಮುಖ್ಯ. ಫ್ರೇಮ್‌ನ ತೂತುಗಳನ್ನೇ ಮಾರ್ಗದರ್ಶಿ ಮಾಡಿಕೊಳ್ಳಿ. ಆ ತೂತುಗಳಲ್ಲಿ ಬಿಗಿಯಾಗಿ ಕೂರುವ, ನಡುವೆ ಸಣ್ಣ ತೂತು ಇರುವ ಎರಡು ಬುಷ್ ಟರ್ನ್ ಮಾಡಿ. ರಾಡ್‌ನ ಪಟ್ಟಿಗಳನ್ನು ಫ್ರೇಮ್‌ಗೆ ಕ್ಲ್ಯಾಂಪ್ ಮಾಡಿ, ಬುಷ್ ಮೂಲಕವೇ ಡ್ರಿಲ್ ಇಳಿಸಿ. ಅಂತರ ಡ್ರಾಯಿಂಗ್‌ಗಿಂತ ಕೂದಲೆಳೆಯಷ್ಟು ಆಚೀಚೆ ಆಗಿದ್ದರೂ ಪರವಾಗಿಲ್ಲ, ಎರಡೂ ಒಂದೇ ಇರುತ್ತವೆ.

ಚಕ್ರದ ಬಗ್ಗೆ ಏನು ಗಮನಿಸಬೇಕು?

ನಾಲ್ಕೂ ಒಂದೇ ವ್ಯಾಸ ಇರಬೇಕು. ಕೊನೆಯ ಕಟ್‌ಗೆ ಟೂಲ್ ಅಲುಗಿಸದೆ, ಅದೇ ಸೆಟ್ಟಿಂಗ್‌ನಲ್ಲಿ ನಾಲ್ಕನ್ನೂ ಒಂದಾದ ಮೇಲೊಂದು ತಿರುಗಿಸಿ. ಹಳಿಯ ಮೇಲೆ ಕೂರುವ ಮುಖಕ್ಕೆ ಎರಡು ಮೂರು ಡಿಗ್ರಿ ಇಳಿಜಾರು ಕೊಡಿ. 32 ಮಿ.ಮೀ ಹಳಿಗೆ ಚಕ್ರಗಳ ಒಳಮುಖದ ನಡುವಿನ ಅಂತರ 28 ಮಿ.ಮೀ. ಎರಕದ ಕಬ್ಬಿಣ ಸಿಕ್ಕರೆ ಅದೇ ಒಳ್ಳೆಯದು, ಉಕ್ಕೂ ಆಗುತ್ತದೆ.

ಎರಡೂ ಬದಿಯ ಕ್ರ್ಯಾಂಕ್ (ಚಕ್ರದಲ್ಲಿ ರಾಡ್ ಸಿಕ್ಕಿಸುವ ಪಿನ್‌ನ ಜಾಗ) ಸರಿಯಾಗಿ 90 ಡಿಗ್ರಿಯಲ್ಲೇ ಇರಬೇಕಾ?

ಒಂದು ಬದಿಯ ಪಿಸ್ಟನ್ ತುದಿ ಮುಟ್ಟಿ ನಿಂತಾಗ ಇನ್ನೊಂದು ಬದಿಯದು ತಳ್ಳಬೇಕು. 90 ಡಿಗ್ರಿ ಇಡುವುದು ಅದಕ್ಕೆ. ಒಂದು ಡಿಗ್ರಿ ಹೆಚ್ಚುಕಮ್ಮಿಯಾದರೆ ಎಂಜಿನ್‌ಗೆ ಏನೂ ಗೊತ್ತಾಗುವುದಿಲ್ಲ. ಆದರೆ ಮುಂದಿನ ಆಕ್ಸಲ್‌ನಲ್ಲಿ ಎಷ್ಟಿದೆಯೋ ಹಿಂದಿನದರಲ್ಲೂ ಅಷ್ಟೇ ಇರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಹಾಗಾಗಿ ಒಂದು ಜಿಗ್ (ಕೋನ ಬದಲಾಗದಂತೆ ಹಿಡಿದಿಡುವ ಅಚ್ಚು) ಮಾಡಿ, ಎರಡೂ ಆಕ್ಸಲ್‌ಗಳನ್ನು ಅದೇ ಜಿಗ್‌ನಲ್ಲಿ, ಅದೇ ದಿಕ್ಕಿಗೆ ಇಟ್ಟು ಜೋಡಿಸಿ.

ಚಾಸಿ ಉರುಳುವಾಗ ಒಂದು ಜಾಗದಲ್ಲಿ ಸಿಕ್ಕಿಕೊಳ್ಳುತ್ತಿದೆ. ತೂತು ಸ್ವಲ್ಪ ದೊಡ್ಡದು ಮಾಡಿಬಿಡಲಾ?

ತಡೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅನ್ನುವುದೇ ಕಾಯಿಲೆಯ ಹೆಸರು ಹೇಳುತ್ತದೆ.

ಚಾಸಿಯನ್ನು ಗಾಜಿನ ಹಲಗೆ ಮೇಲಿಟ್ಟು ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿ. ಒಂದು ಬದಿಯ ಕ್ರ್ಯಾಂಕ್‌ಪಿನ್‌ಗಳು ಆಕ್ಸಲ್‌ನ ನೇರಕ್ಕೆ, ಅಂದರೆ ಪೂರ್ತಿ ಮುಂದೆ ಅಥವಾ ಪೂರ್ತಿ ಹಿಂದೆ ಬಂದಾಗ ಬಿಗಿಯಾದರೆ, ಆ ಬದಿಯ ರಾಡ್‌ನ ಉದ್ದಕ್ಕೂ ಆಕ್ಸಲ್ ಅಂತರಕ್ಕೂ ತಾಳೆ ಇಲ್ಲ. ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬಿಗಿಯಾದರೆ ರಾಡ್ ಸರಿ ಇದೆ, ಎರಡು ಆಕ್ಸಲ್‌ಗಳ ಕ್ರ್ಯಾಂಕ್ ಕೋನ ಬೇರೆ ಬೇರೆ ಆಗಿದೆ. ಪ್ರತಿ ಸುತ್ತಿಗೆ ಒಮ್ಮೆ ಮಾತ್ರ, ರಾಡ್ ಬಿಚ್ಚಿದರೂ ಬಿಗಿಯಾದರೆ ಆಕ್ಸಲ್ ಬಗ್ಗಿದೆ.

ಕಾರಣ ಗೊತ್ತಾಗದೆ ತೂತು ದೊಡ್ಡದು ಮಾಡಿದರೆ ಸದ್ಯಕ್ಕೆ ಉರುಳುತ್ತದೆ, ಆದರೆ ಎಂಜಿನ್ ಕಡೆಯವರೆಗೂ ಗಲಗಲ ಅನ್ನುತ್ತದೆ. ಚಾಸಿ ತನ್ನ ತೂಕಕ್ಕೆ ತಾನೇ ಸಣ್ಣ ಇಳಿಜಾರಿನಲ್ಲಿ ಉರುಳಿ ಹೋಗಬೇಕು. ಅಲ್ಲಿಯವರೆಗೆ ಮುಂದಿನ ಕೆಲಸ ಮುಟ್ಟಬೇಡಿ.

ಅಸಲಿಯಲ್ಲಿ ಇರುವಂತೆ ವಾಲ್ಶಾರ್ಟ್ಸ್ ವಾಲ್ವ್ ಗೇರ್ (ವಾಲ್ವ್ ಓಡಿಸುವ ಕಡ್ಡಿಗಳ ಜೋಡಣೆ) ಮಾಡಲೇಬೇಕಾ?

ಮೊದಲ ಎಂಜಿನ್‌ಗೆ ಬೇಡ. ಒಳಗೆ ಸ್ಲಿಪ್ ಎಕ್ಸೆಂಟ್ರಿಕ್ (ಆಕ್ಸಲ್ ಮೇಲೆ ನಡು ತಪ್ಪಿಸಿ, ಸಡಿಲವಾಗಿ ಕೂರಿಸಿದ ಬಿಲ್ಲೆ) ಹಾಕಿ, ಹೊರಗೆ ನೋಟಕ್ಕೆ ವಾಲ್ಶಾರ್ಟ್ಸ್ ಕಡ್ಡಿಗಳನ್ನು ಕೂರಿಸಿ. ಸ್ಲಿಪ್ ಎಕ್ಸೆಂಟ್ರಿಕ್‌ನಲ್ಲಿ ದಿಕ್ಕು ಬದಲಿಸಲು ಎಂಜಿನ್ನನ್ನು ಕೈಯಲ್ಲಿ ಸ್ವಲ್ಪ ಹಿಂದಕ್ಕೆ ತಳ್ಳಬೇಕು. ಉಳಿದಂತೆ ಭಾಗಗಳು ಕಡಿಮೆ, ಸವೆತ ಕಡಿಮೆ, ಹಬೆ ಹಂಚಿಕೆ ಅಚ್ಚುಕಟ್ಟು. ರೇಡಿಯೊ ಕಂಟ್ರೋಲ್‌ನಲ್ಲಿ ಹಿಂದೆ ಮುಂದೆ ಓಡಿಸುವ ಆಸೆ ಇದ್ದರೆ ಮಾತ್ರ ಇದು ಸಾಲದು.

ವಾಲ್ವ್ ಮತ್ತು ಪೋರ್ಟ್ ಅಳತೆ ಎಷ್ಟಿರಬೇಕು?

14 ಮಿ.ಮೀ ಸಿಲಿಂಡರ್‌ಗೆ ಹೊಂದುವ ಒಂದು ಲೆಕ್ಕ ಕೊಡುತ್ತೇನೆ. ಹಬೆ ಒಳಹೋಗುವ ಎರಡು ಪೋರ್ಟ್ ತಲಾ 1.6 ಮಿ.ಮೀ ಅಗಲ, ನಡುವಿನ ಎಕ್ಸಾಸ್ಟ್ ಪೋರ್ಟ್ 3, ಅವುಗಳ ನಡುವಿನ ಗೋಡೆ ತಲಾ 1.6. ಎಲ್ಲಾ ಸೇರಿ 9.4. ಡಿ ಆಕಾರದ ವಾಲ್ವ್ ಎರಡೂ ಕಡೆ 0.4 ಹೆಚ್ಚು ಮುಚ್ಚಬೇಕು, ಹಾಗಾಗಿ ಅದರ ಉದ್ದ 10.2. ಒಳಗಿನ ಕುಳಿ 6.2. ಎಕ್ಸೆಂಟ್ರಿಕ್ ನಡುವಿನಿಂದ 1.6 ಮಿ.ಮೀ ಸರಿದಿದ್ದರೆ ವಾಲ್ವ್ ಒಟ್ಟು 3.2 ಓಡಾಡುತ್ತದೆ, ಪೋರ್ಟ್ 1.2ರಷ್ಟು ತೆರೆಯುತ್ತದೆ. ಸಾಕು.

ಎಕ್ಸೆಂಟ್ರಿಕ್ ಕ್ರ್ಯಾಂಕ್‌ಗಿಂತ ಸುಮಾರು 108 ಡಿಗ್ರಿ ಮುಂದಿರಬೇಕು. ಹಿಂದಕ್ಕೆ ಓಡುವಾಗ ಅಷ್ಟೇ ಆಚೆ ಕಡೆಗೆ. ಹಾಗಾಗಿ ಅದು ಆಕ್ಸಲ್ ಮೇಲೆ 144 ಡಿಗ್ರಿ ಸಡಿಲವಾಗಿ ತಿರುಗಲು ಬಿಡಬೇಕು. ಎಕ್ಸೆಂಟ್ರಿಕ್‌ಗೂ ವಾಲ್ವ್‌ಗೂ ನಡುವೆ ರಾಕರ್ (ಚಲನೆ ದಾಟಿಸುವ ತೂಗುಕಡ್ಡಿ) ಹಾಕಿ ಅದರ ಎರಡು ತೋಳು ಒಂದೇ ಕಡೆಗಿದ್ದರೆ ಈ ಲೆಕ್ಕ ಹಾಗೆಯೇ ನಡೆಯುತ್ತದೆ. ಎದುರುಬದುರು ಇದ್ದರೆ ವಾಲ್ವ್ ತಿರುಗಾಮುರುಗಾ ಓಡುತ್ತದೆ, ಕೋನ ಬದಲಿಸಬೇಕು.

ಸೆಟ್ ಮಾಡುವಾಗ ವಾಲ್ವ್ ಕೂತಿರುವ ಪೆಟ್ಟಿಗೆಯ (ಸ್ಟೀಮ್ ಚೆಸ್ಟ್) ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಪಿಸ್ಟನ್ ಮುಂದಿನ ತುದಿಗೆ ಬಂದಾಗ ಮುಂದಿನ ಪೋರ್ಟ್‌ನ ಅಂಚಿನಲ್ಲಿ ತೆಳ್ಳಗೆ ಒಂದು ಕಪ್ಪು ಗೆರೆ ಕಾಣಬೇಕು. ಹಿಂದಿನ ತುದಿಯಲ್ಲೂ ಅಷ್ಟೇ ದಪ್ಪದ ಗೆರೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ ಅಂದರೆ ವಾಲ್ವ್ ರಾಡ್‌ನ ಉದ್ದ ಹೊಂದಿಸಿ. ಎರಡೂ ಕಡೆ ಸಮವಾಗಿ ಇಲ್ಲ ಅಂದರೆ ಎಕ್ಸೆಂಟ್ರಿಕ್‌ನ ಕೋನ ಹೊಂದಿಸಿ. ಇವೆರಡನ್ನು ಒಟ್ಟಿಗೆ ತಿರುಗಿಸಲು ಹೋದರೆ ತಲೆ ಕೆಡುತ್ತದೆ. ಮೊದಲು ರಾಡ್, ಆಮೇಲೆ ಕೋನ.

ಪಿಸ್ಟನ್‌ಗೆ ಓ-ರಿಂಗ್ ಆಗುತ್ತದಾ?

ಆಗುತ್ತದೆ. ಶಾಖ ತಡೆಯುವ ವೈಟಾನ್ ರಬ್ಬರ್ ರಿಂಗ್ ಅಂತಲೇ ಕೇಳಿ ತಗೊಳ್ಳಿ. 40 ಪಿಎಸ್‌ಐನಲ್ಲಿ ಹಬೆ ಸುಮಾರು 141 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಸಾಮಾನ್ಯ ಕಪ್ಪು ನೈಟ್ರೈಲ್ ರಿಂಗ್ ಅದಕ್ಕೆ ಬಾಳುವುದಿಲ್ಲ. ರಿಂಗ್ ಹಿಂಡಿಕೊಳ್ಳುವಷ್ಟು ಬಿಗಿ ಬೇಡ, ಗೋಡೆಗೆ ತಾಗಿದರೆ ಸಾಕು. ಬಿಗಿಯಾದ ಓ-ರಿಂಗ್ ಇರುವ ಎಂಜಿನ್ ನಿಧಾನಕ್ಕೆ ಓಡುವುದೇ ಇಲ್ಲ.

ಗಾಳಿಯಲ್ಲಿ ಓಡಿಸಿ ನೋಡುವುದು ಹೇಗೆ?

ಪೇಂಟ್ ಹೊಡೆಯುವ ಚಿಕ್ಕ ಕಂಪ್ರೆಸರ್ ಸಾಕು. ಚಕ್ರ ನೆಲಕ್ಕೆ ತಾಗದಂತೆ ಚಾಸಿಯನ್ನು ಎತ್ತಿಟ್ಟು, ಸಿಲಿಂಡರ್‌ಗೆ ಎಣ್ಣೆ ಬಿಟ್ಟು, 10–15 ಪಿಎಸ್‌ಐನಿಂದ ಶುರು ಮಾಡಿ. ಮೊದಲು ತಡವರಿಸುತ್ತದೆ. ಸ್ವಲ್ಪ ಹೊತ್ತು ಓಡಿದರೆ ಮುಖಗಳು ಒಂದಕ್ಕೊಂದು ಒಗ್ಗಿಕೊಂಡು ಹಗುರಾಗುತ್ತದೆ. ಆಮೇಲೆ ಒತ್ತಡ ಇಳಿಸುತ್ತಾ ಬನ್ನಿ. 5 ಪಿಎಸ್‌ಐನಲ್ಲೂ ಎಳೆದಾಡದೆ ತಿರುಗಿದರೆ ಬಾಯ್ಲರ್ ಶುರು ಮಾಡಬಹುದು.

ಬಾಯ್ಲರ್ ಮನೆಯಲ್ಲಿ ಮಾಡುವುದು ಅಪಾಯ ಅಲ್ವಾ?

ನಿಯಮಕ್ಕೆ ಅಂಟಿಕೊಂಡು ಮಾಡಿದರೆ ಅಲ್ಲ. ಮನಸ್ಸಿಗೆ ತೋಚಿದಂತೆ ಮಾಡಿದರೆ ಖಂಡಿತ ಅಪಾಯ. ಉಳಿದ ಎಲ್ಲಾ ಭಾಗದಲ್ಲೂ ನಿಮ್ಮ ಇಷ್ಟ ನಡೆಯಲಿ, ಇಲ್ಲಿ ಬೇಡ. ಭಾರತದ ಬಾಯ್ಲರ್ ಕಾನೂನು 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರ್‌ಗೆ ಅನ್ವಯಿಸುವುದಿಲ್ಲ. ನಮ್ಮದು ಹಿಡಿಯುವುದು ಸುಮಾರು 200 ಮಿ.ಲೀ. ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ, ಹಾಗಾಗಿ ಪೂರ್ತಿ ಹೊಣೆ ನಿಮ್ಮದೇ.

50 ಮಿ.ಮೀ ವ್ಯಾಸದ, 1.6 ಮಿ.ಮೀ ದಪ್ಪದ ತಾಮ್ರದ ಕೊಳವೆ ತಗೊಳ್ಳಿ. 40 ಪಿಎಸ್‌ಐಗೆ ಕೊಳವೆಯ ಗೋಡೆ ಮೇಲೆ ಬೀಳುವ ಎಳೆತ ಸುಮಾರು 4.3 ಮೆಗಾಪಾಸ್ಕಲ್. ಕಾಯಿಸಿ ಮೆದುವಾದ ತಾಮ್ರ ಹರಿದು ತುಂಡಾಗುವುದು 200ರ ಆಸುಪಾಸಿನಲ್ಲಿ. ಅಂದರೆ ಕೊಳವೆ ಬಹಳ ಗಟ್ಟಿ. ಬಾಯ್ಲರ್‌ನ ಬಲಹೀನ ಜಾಗ ಎರಡು ತುದಿಯ ಚಪ್ಪಟೆ ಮುಚ್ಚಳಗಳು ಮತ್ತು ಬೆಸುಗೆಗಳು. ಹಾಗಾಗಿ ಮುಚ್ಚಳದ ಅಂಚು ಮಡಿಸಿ ಕೂರಿಸಬೇಕು, ಎರಡು ಮುಚ್ಚಳಗಳನ್ನು ಒಳಗಿನಿಂದ ಸ್ಟೇ ಕಡ್ಡಿ ಹಿಡಿದಿರಬೇಕು. ಮಧ್ಯದ ಹೊಗೆ ಕೊಳವೆ ಸ್ವಲ್ಪ ಹಿಡಿಯುತ್ತದೆ ನಿಜ, ಅದನ್ನೇ ನೆಚ್ಚಿಕೊಳ್ಳಬೇಡಿ.

ಶೆಲ್‌ಗೆ, ಅಂದರೆ ಬಾಯ್ಲರ್‌ನ ಮೈಗೆ, ಹಿತ್ತಾಳೆ ಬೇಡವೇ ಬೇಡ. ಬಿಸಿನೀರು, ಹಬೆಯ ಸಹವಾಸದಲ್ಲಿ ಅದರೊಳಗಿನ ಸತು ಕಳೆದುಹೋಗಿ ಲೋಹ ಟೊಳ್ಳಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಫಿಟ್ಟಿಂಗ್ ತಿರುಗಿಸುವ ಬುಷ್‌ಗಳೂ ಕಂಚು ಅಥವಾ ಗನ್‌ಮೆಟಲ್‌ನವೇ ಇರಲಿ.

ಮುಚ್ಚಳದ ಅಂಚು ಮಡಿಸುವಾಗ ತಾಮ್ರ ಬಿರಿಯುತ್ತದೆ, ಏನು ಮಾಡಲಿ?

ಬಡಿದಂತೆ ತಾಮ್ರ ಗಟ್ಟಿಯಾಗುತ್ತದೆ. ಮಂದ ಕೆಂಪಿಗೆ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆದುವಾಗುತ್ತದೆ. ಉಕ್ಕಿನ ಹಾಗೆ ನೀರಿಗೆ ಹಾಕಿದರೆ ಗಡುಸಾಗುವ ಭಯ ತಾಮ್ರಕ್ಕಿಲ್ಲ. ಅಚ್ಚಿನ ಮೇಲಿಟ್ಟು ಒಂದು ಸುತ್ತು ಮೆಲ್ಲಗೆ ಬಡಿದು ನೋಡಿ. ಸುತ್ತಿಗೆಯ ಸದ್ದು ಮಂಕಾಗಿದ್ದದ್ದು ಕಿಣಿ ಕಿಣಿ ಅನ್ನತೊಡಗಿದರೆ ನಿಲ್ಲಿಸಿ, ಮತ್ತೆ ಕಾಯಿಸಿ. ಕಿವಿಯನ್ನು ನಂಬಿ.

ಏಸಿ ಮೆಕ್ಯಾನಿಕ್ ಹತ್ತಿರ ಇರುವ ಬ್ರೇಜಿಂಗ್ ಕಡ್ಡಿಯಲ್ಲಿ ಬೆಸೆದರೆ ಆಗುವುದಿಲ್ವಾ?

ಬಾಯ್ಲರ್‌ಗೆ ಬೇಡ. ಆ ಕಡ್ಡಿಗಳಲ್ಲಿ ಬಹಳಷ್ಟು ತಾಮ್ರ–ರಂಜಕದವು. ಕಬ್ಬಿಣದ ಜೊತೆ ಬೆಸೆದರೆ ಬೆಸುಗೆ ಪೆಡಸಾಗುತ್ತದೆ, ಕಲ್ಲಿದ್ದಲ ಹೊಗೆಯ ಗಂಧಕ ಅದನ್ನು ತಿನ್ನುತ್ತದೆ. 55 ಶೇಕಡಾ ಬೆಳ್ಳಿ ಇರುವ, ಕ್ಯಾಡ್ಮಿಯಂ ಇಲ್ಲದ ಕಡ್ಡಿಯನ್ನು ಕೇಳಿ. 630ರಿಂದ 660 ಡಿಗ್ರಿ ಒಳಗೆ ಕರಗುತ್ತದೆ. ಕ್ಯಾಡ್ಮಿಯಂ ಇರುವ ಹಳೆಯ ಕಡ್ಡಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಅದರ ಹೊಗೆ ವಿಷ.

ಮೆತ್ತಗಿನ ಸೀಸದ ಬೆಸುಗೆ ಒತ್ತಡ ಹೊರುವ ಯಾವ ಜಾಗದಲ್ಲೂ ಕೂಡದು.

ಬೆಸೆಯುವಾಗ ಕಡ್ಡಿಯನ್ನು ಜ್ವಾಲೆಯಲ್ಲಿ ಕರಗಿಸಬೇಡಿ. ಸುತ್ತ ಇಟ್ಟಿಗೆ ಜೋಡಿಸಿ ಇಡೀ ಬಾಯ್ಲರ್ ಕಾಯಿಸಿ. ಬೆಸುಗೆ ಹಿಡಿಯಲೆಂದು ಸಂದಿಗೆ ಹಚ್ಚಿದ ಫ್ಲಕ್ಸ್ ಮೊದಲು ಬೆಳ್ಳಗೆ ಉಬ್ಬಿ, ಆಮೇಲೆ ನೀರಿನಂತೆ ತೆಳುವಾಗುತ್ತದೆ. ಆಗ ಜ್ವಾಲೆ ಸರಿಸಿ ಕಡ್ಡಿ ತಾಗಿಸಿ. ಬೆಳ್ಳಿ ಗೆರೆಯೊಂದು ಸಂದಿಯ ಸುತ್ತ ತಾನಾಗಿ ಓಡಿ ಬಂದರೆ ಬೆಸುಗೆ ಕೂತಿತು. ಉಂಡೆಯಾಗಿ ನಿಂತರೆ ಶಾಖ ಸಾಲದು ಅಥವಾ ತಾಮ್ರ ಕೊಳಕಾಗಿದೆ. ಬಾಗಿಲು, ಕಿಟಕಿ ತೆರೆದಿರಲಿ.

ಕಪ್ಪು ತೆಗೆಯಲು ಆಸಿಡ್ ಹುಡುಕಬೇಕಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ಮುಳುಗಿಸಿಟ್ಟರೆ ಬೆಳಗ್ಗೆ ತಾಮ್ರ ಗುಲಾಬಿ ಬಣ್ಣಕ್ಕೆ ಬಂದಿರುತ್ತದೆ.

ಪರೀಕ್ಷೆ ಹೇಗೆ?

ನೀರಿನಿಂದ ಮಾತ್ರ, ಗಾಳಿಯಿಂದ ಯಾವತ್ತೂ ಬೇಡ. ಗಾಳಿ ಅದುಮಿಕೊಂಡು ಶಕ್ತಿ ಕೂಡಿಡುತ್ತದೆ, ಒಡೆದರೆ ಸಿಡಿಯುತ್ತದೆ. ನೀರು ಹೆಚ್ಚುಕಡಿಮೆ ಅದುಮುವುದೇ ಇಲ್ಲ, ಬಿರುಕು ಬಿಟ್ಟರೆ ಬರೀ ಸೋರುತ್ತದೆ.

ಒಳಗೆ ಗಾಳಿ ಉಳಿಯದಂತೆ ತಣ್ಣೀರು ತುಂಬಿ. ಕೈಪಂಪಿನಲ್ಲಿ ಕೆಲಸದ ಒತ್ತಡದ ಎರಡರಷ್ಟು, ಅಂದರೆ 80 ಪಿಎಸ್‌ಐವರೆಗೆ ಏರಿಸಿ ಬಿಡಿ. ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು. ಆಮೇಲೆ ಹಬೆ ಪರೀಕ್ಷೆ. ಬರ್ನರ್ ಪೂರ್ತಿ ಬಿಟ್ಟು, ರೆಗ್ಯುಲೇಟರ್ (ಸಿಲಿಂಡರ್‌ಗೆ ಹಬೆ ಬಿಡುವ ಕವಾಟ) ಮುಚ್ಚಿ, ಸೇಫ್ಟಿ ವಾಲ್ವ್ ಒಂದೇ ಹಬೆಯನ್ನೆಲ್ಲಾ ಹೊರಬಿಡುತ್ತದಾ ನೋಡಿ. ವಾಲ್ವ್ ತೆರೆದ ಮೇಲೂ ಒತ್ತಡ 44 ದಾಟಿದರೆ ಆ ವಾಲ್ವ್ ಸಾಲದು. ವರ್ಷಕ್ಕೊಮ್ಮೆ ಒಂದೂವರೆ ಪಟ್ಟು ಒತ್ತಡದಲ್ಲಿ ನೀರಿನ ಪರೀಕ್ಷೆ ಮಾಡಿ, ತಾರೀಕು ಬರೆದಿಡಿ.

ಯಾವ ಗ್ಯಾಸ್? ಮನೆಯ ಸಿಲಿಂಡರ್‌ನಿಂದ ತುಂಬಬಹುದಾ?

ಕೂಡದು. ಅಡುಗೆ ಅನಿಲದಲ್ಲಿ ಪ್ರೊಪೇನ್ ಬೆರೆತಿರುತ್ತದೆ. 40 ಡಿಗ್ರಿಯಲ್ಲಿ ಬ್ಯೂಟೇನ್‌ನ ಒತ್ತಡ 3 ಬಾರ್ ಒಳಗಿದ್ದರೆ, ಪ್ರೊಪೇನ್ 13 ಬಾರ್ ಹತ್ತಿರ ಹೋಗುತ್ತದೆ. ಎಂಜಿನ್ ಮೇಲಿನ ನಮ್ಮ ಪುಟ್ಟ ಗ್ಯಾಸ್ ಟ್ಯಾಂಕ್ ಅದಕ್ಕಲ್ಲ. ಲೈಟರ್‌ಗೆ ತುಂಬುವ ಬ್ಯೂಟೇನ್ ಕ್ಯಾನ್ ಬಳಸಿ. ತುಂಬುವಾಗ ಹತ್ತಿರ ಇನ್ನೊಂದು ಎಂಜಿನ್ ಉರಿಯುತ್ತಿರಬಾರದು.

ಟ್ಯಾಂಕನ್ನು ಕ್ಯಾಬ್‌ನಲ್ಲಿ ಇಡಿ. ಬಿ ಕ್ಲಾಸ್‌ನ ಕಲ್ಲಿದ್ದಲ ಪೆಟ್ಟಿಗೆ ಖಾಲಿ ಇದೆಯಲ್ಲ ಅಂತ ಅದರಲ್ಲಿ ಇಡಬೇಡಿ, ಅದು ಬಾಯ್ಲರ್‌ನ ನೆತ್ತಿಯ ಮೇಲೆ ಕೂತಿದೆ. ಬ್ರಿಟನ್ನಿನ ಚಳಿಯಲ್ಲಿ ಟ್ಯಾಂಕ್ ತಣ್ಣಗಾಗಿ ಗ್ಯಾಸ್ ಬರುವುದು ನಿಲ್ಲುತ್ತದೆ, ಅವರು ಅದನ್ನು ಬಿಸಿ ಮಾಡುವ ದಾರಿ ಹುಡುಕುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಉಪಾಯಗಳನ್ನು ನಕಲು ಮಾಡಬೇಡಿ.

ಎಣ್ಣೆ ಯಾವುದು? ಬೈಕಿನ ಆಯಿಲ್ ಆಗುತ್ತದಾ?

ರಾಡ್, ಆಕ್ಸಲ್‌ಗೆ ಆಗುತ್ತದೆ. ಸಿಲಿಂಡರ್‌ಗೆ ಸ್ಟೀಮ್ ಆಯಿಲ್ಲೇ ಬೇಕು, 460 ಗ್ರೇಡಿನ ದಪ್ಪ ಎಣ್ಣೆ. ಲ್ಯೂಬ್ರಿಕೇಟರ್ ಎಂಬುದು ಹಬೆ ಕೊಳವೆಗೆ ತಾಗಿದ ಪುಟ್ಟ ಡಬ್ಬಿ. ಅದರೊಳಗೆ ನುಗ್ಗಿದ ಹಬೆ ತಣಿದು ನೀರಾಗಿ ತಳ ಸೇರುತ್ತದೆ, ಎಣ್ಣೆ ಮೇಲೇರಿ ಚೂರುಚೂರೇ ಸಿಲಿಂಡರ್‌ಗೆ ಹೋಗುತ್ತದೆ. ಓಡುವ ಭಾಗ ಒಂದೂ ಇಲ್ಲ. ಪ್ರತಿ ಓಟದ ನಂತರ ನೀರು ತೆಗೆದು ಮತ್ತೆ ಎಣ್ಣೆ ತುಂಬಿ.

ಬೋರ್‌ವೆಲ್ ನೀರು ಹಾಕಬಹುದಾ?

ಬೇಡ, ಸುಣ್ಣ ಕಟ್ಟುತ್ತದೆ. ಮಳೆನೀರು ಹಿಡಿದು ಸೋಸಿ ಬಳಸಿ, ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಮುಕ್ಕಾಲು ಭಾಗ ತುಂಬಿ, ಮೇಲೆ ಹಬೆಗೆ ಜಾಗ ಇರಲಿ. ಗ್ಯಾಸ್ ಮುಗಿಯುವ ಮೊದಲು ನೀರು ಮುಗಿಯದಂತೆ ಎರಡರ ಅಳತೆ ಹೊಂದಿಸಿಕೊಳ್ಳಿ. ಒಂದು ತುಂಬಿಗೆ 20–30 ನಿಮಿಷದ ಓಟ ಸಿಗುತ್ತದೆ.

ಡಾರ್ಜಿಲಿಂಗ್‌ನ ಹಾಗೆ ಏರು, ಲೂಪ್ (ಸುತ್ತು ಹಾಕುವ ಹಳಿ) ಮಾಡಬಹುದಾ?

ಲೂಪ್ ಚೆನ್ನಾಗಿ ಕಾಣುತ್ತದೆ, ಮಾಡಿ. ಏರು ಮಾತ್ರ ಬೇಡ. ಅಲ್ಲಿ ಡ್ರೈವರ್ ಪ್ರತಿ ತಿರುವಿನಲ್ಲಿ ರೆಗ್ಯುಲೇಟರ್ ಹಿಡಿದಿರುತ್ತಾನೆ. ನಮ್ಮ ಎಂಜಿನ್ ಒಂಟಿಯಾಗಿ ಹೋಗುತ್ತದೆ. ಏರಿಗೆ ಬೇಕಾದಷ್ಟು ಹಬೆ ಬಿಟ್ಟರೆ ಇಳಿಜಾರಿನಲ್ಲಿ ಹಾರಿ ಬೀಳುತ್ತದೆ. ಹಳಿ ಮಟ್ಟಸವಾಗಿರಲಿ, ನೂರಕ್ಕೆ ಒಂದಕ್ಕಿಂತ ಜಾಸ್ತಿ ಏರು ಬೇಡ. ಈ ಎಂಜಿನ್ 60 ಸೆಂ.ಮೀ ತ್ರಿಜ್ಯದಲ್ಲಿ ತಿರುಗಬಹುದು. ಮೀಟರ್ ಮೇಲಿದ್ದರೆ ನೋಟವೂ ಚೆಂದ, ಓಟವೂ ಹಗುರ. ಮಣ್ಣಿನ ಮೇಲೆ ನೇರ ಹಾಸಿದರೆ ಮೊದಲ ಮಳೆಗೇ ಕೂತುಬಿಡುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ತಳ ಹಾಕಿ. ತೋಟ ಇಲ್ಲದವರಿಗೆ ತಾರಸಿ ಇದೆ. ನೀರು ಹರಿದು ಹೋಗಲು ಕೊಟ್ಟ ಇಳಿಜಾರನ್ನು ಹಲಗೆ ಇಟ್ಟು ಸರಿಪಡಿಸಿಕೊಳ್ಳಿ, ಸಾಕು.

ಬಣ್ಣ?

ಬಹಳ ಜನರಿಗೆ ಗೊತ್ತಿರುವುದು ಡಾರ್ಜಿಲಿಂಗ್ ನೀಲಿ. ಹಿತ್ತಾಳೆ ಭಾಗಕ್ಕೆ ಎಚ್ (etch) ಪ್ರೈಮರ್, ಅಂದರೆ ಲೋಹಕ್ಕೆ ಕಚ್ಚಿಕೊಳ್ಳುವ ಮೊದಲ ಪದರ ಹೊಡೆದ ಮೇಲೆ ಬಣ್ಣ. ಸ್ಮೋಕ್‌ಬಾಕ್ಸ್ (ಚಿಮಣಿ ಕೆಳಗಿನ ಹೊಗೆ ಪೆಟ್ಟಿಗೆ), ಚಿಮಣಿಗೆ ಬೈಕ್ ಸೈಲೆನ್ಸರ್‌ಗೆ ಹಚ್ಚುವ ಶಾಖ ತಡೆಯುವ ಕಪ್ಪು. ಎಂಜಿನ್ ಕೆಲವು ಸಲ ಹಬೆಯಲ್ಲಿ ಓಡಿ, ಬಿಚ್ಚಿ ಜೋಡಿಸುವುದೆಲ್ಲಾ ಮುಗಿದ ಮೇಲೆ ಬಣ್ಣಕ್ಕೆ ಕೈ ಹಾಕಿ.

ಓಡಿಸಿದ ಮೇಲೆ ಹೇಗೆ ಇಡಬೇಕು?

ಬಿಸಿ ಇರುವಾಗಲೇ ಒತ್ತಡ ಬಿಟ್ಟು, ಲ್ಯೂಬ್ರಿಕೇಟರ್ ಖಾಲಿ ಮಾಡಿ, ಮೈ ಒರೆಸಿ. ಬಾಯ್ಲರ್ ತಣಿದ ಮೇಲೆ ಫಿಲ್ಲರ್ ಮುಚ್ಚಳ ಬಿಚ್ಚಿ ನೀರು ಚೆಲ್ಲಿ, ಮುಚ್ಚಳ ಸಡಿಲವಾಗಿಯೇ ಇರಲಿ. ಸಿಲಿಂಡರ್‌ಗೆ ಎರಡು ಹನಿ ಎಣ್ಣೆ ಬಿಟ್ಟು ಚಕ್ರವನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಿಸದೆ ಇಟ್ಟರೂ ತಿಂಗಳಿಗೊಮ್ಮೆ ಹೀಗೆ ತಿರುಗಿಸುತ್ತಿರಿ. ಉಕ್ಕಿನ ಚಕ್ರಕ್ಕೆ ಮಳೆಗಾಲದ ತೇವದಲ್ಲಿ ತುಕ್ಕು ಬೇಗ ಹಿಡಿಯುತ್ತದೆ, ಎಣ್ಣೆ ಬಟ್ಟೆಯಲ್ಲಿ ಒರೆಸಿಡಿ.